ಶಾಸನಾಕ್ಷರದ ಬಾಗು ಮತ್ತು ಗಣಕದ ವಕ್ರರೇಖೆ: ಲಿಪಿಪಟ್ಟಿಕೆಯ ರಚನೆಯನ್ನು ಕುರಿತು

ಪೀಠಿಕೆ

ಕನ್ನಡ ಲಿಪಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಅಕ್ಷರಗಳ ಬಾಗುಬಳುಕುಗಳ ಚರಿತ್ರೆ. ಹುನಗುಂದ ತಾಲ್ಲೂಕಿನ ನನ್ನೂರು ರಾಮಥಾಳದ ಹೆಸರಿನಲ್ಲಿಯೇ ಇದಕ್ಕೆ ಎರಡು ನಿದರ್ಶನಗಳು ದೊರೆಯುತ್ತವೆ. ಅಶೋಕನ ಕಾಲದ ಬ್ರಾಹ್ಮಿಯಲ್ಲಿ 'ರ' ಅಕ್ಷರವು ಒಂದು ಲಂಬರೇಖೆ ಮಾತ್ರ. 'ಥ' ಅಕ್ಷರವು ನಡುವೆ ಚುಕ್ಕಿಯುಳ್ಳ ವೃತ್ತ. ಇಂದು ನಾವು ಬರೆಯುವ 'ರ' ದುಂಡಾಗಿದೆ. 'ಥ' ತನ್ನ ಒಡಲಿನೊಳಗಿನ ಗುರುತನ್ನು ಉಳಿಸಿಕೊಂಡು ಬೇರೆ ಆಕಾರವನ್ನು ತಳೆದಿದೆ. ನೆಟ್ಟಗಿದ್ದುದು ದುಂಡಾದ, ದುಂಡಾಗಿದ್ದುದು ರೂಪಾಂತರಗೊಂಡ ಈ ಪ್ರಕ್ರಿಯೆಯ ನಡುವಿನ ಹಂತಗಳನ್ನು ತೋರಿಸಲು ಸಂಶೋಧಕರು ಲಿಪಿಪಟ್ಟಿಕೆಗಳನ್ನು ಸಿದ್ಧಪಡಿಸುತ್ತಾರೆ.

ಹಿಂದಿನ ತಲೆಮಾರಿನ ವಿದ್ವಾಂಸರು ಇಂತಹ ಪಟ್ಟಿಕೆಗಳನ್ನು ಲೇಖನಿಯಿಂದ ಕೈಯಾರೆ ಬರೆಯುತ್ತಿದ್ದರು. ಈಗ ಆ ಕೆಲಸ ಗಣಕಕ್ಕೆ ವರ್ಗವಾಗಿದೆ. ಆದರೆ ಗಣಕದಲ್ಲಿ ಒಂದು ನಯವಾದ ಬಾಗನ್ನು ಎಳೆಯುವುದು ಹೇಗೆ, ಹಾಗೆ ಎಳೆದ ಬಾಗು ಯಾವುದಕ್ಕೆ ಸಾಕ್ಷಿಯಾಗುತ್ತದೆ ಎಂಬ ಪ್ರಶ್ನೆಗಳನ್ನು ನಮ್ಮ ಸಂಶೋಧನ ವಿಧಾನದ ಪಠ್ಯಗಳು ಅಷ್ಟಾಗಿ ಎತ್ತಿಕೊಂಡಿಲ್ಲ. ಇದನ್ನು ಡಿಟಿಪಿ ಅಂಗಡಿಯ ಕೆಲಸವೆಂದು ಬದಿಗಿಡುವುದೇ ರೂಢಿ. ಈ ಕೆಲಸವು ಪಾಠಸಂಪಾದನೆಯಷ್ಟೇ ಹೊಣೆಗಾರಿಕೆಯದು ಎಂಬುದನ್ನು ಬಾದಾಮಿ-ಐಹೊಳೆ ಪರಿಸರದ ಶಾಸನಗಳನ್ನು ಮುಂದಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬಾಗು ಸಾಕ್ಷ್ಯವಾಗುವ ಬಗೆ

ಬಾದಾಮಿ ಚಾಲುಕ್ಯರ ಪ್ರದೇಶವು ಲಿಪಿ ಅಧ್ಯಯನಕ್ಕೆ ಅಪರೂಪದ ಅನುಕೂಲವನ್ನು ಒದಗಿಸುತ್ತದೆ. ಇಲ್ಲಿ ಕಾಲ ಖಚಿತವಿರುವ ಶಾಸನಗಳು ಹತ್ತಿರ ಹತ್ತಿರದಲ್ಲಿಯೇ ಇವೆ. ಬಾದಾಮಿಯ ಬಂಡೆಯ ಮೇಲಿನ ಒಂದನೆಯ ಪುಲಕೇಶಿಯ ಶಾಸನ ಶಕ 465ಕ್ಕೆ, ಅಂದರೆ ಕ್ರಿ.ಶ. 543ಕ್ಕೆ ಸೇರಿದ್ದು. ಮೂರನೆಯ ಗುಹೆಯ ಮಂಗಳೇಶನ ಸಂಸ್ಕೃತ ಶಾಸನ ಶಕ 500ರದು, ಅಂದರೆ ಕ್ರಿ.ಶ. 578ರದು. ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ ಪ್ರಶಸ್ತಿ ಶಕ 556ರದು, ಅಂದರೆ ಕ್ರಿ.ಶ. 634ರದು. ಇವುಗಳ ಭಾಷೆ ಸಂಸ್ಕೃತವಾದರೂ ಲಿಪಿ ಅಂದಿನ ಕನ್ನಡ ನಾಡಿನದೇ. ಹೀಗೆ ಒಂದು ಶತಮಾನದೊಳಗಿನ ಮೂರು ಖಚಿತ ನೆಲೆಗಳು ನಮಗೆ ಲಭ್ಯವಿವೆ.

ಇವುಗಳ ಎದುರಿಗೆ ಬಾದಾಮಿಯ ತಟ್ಟುಕೋಟಿಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ಇಟ್ಟು ನೋಡಬೇಕು. ಕನ್ನಡ ಛಂದಸ್ಸಿನ ಪ್ರತಿಯೊಬ್ಬ ಅಧ್ಯಾಪಕರೂ ತ್ರಿಪದಿಯ ಪಾಠವನ್ನು ಆರಂಭಿಸುವುದು ಈ ಶಾಸನದಿಂದ. ಆದರೆ ಅದರಲ್ಲಿ ಕಾಲದ ಉಲ್ಲೇಖವಿಲ್ಲ. ಅದನ್ನು ಸುಮಾರು ಕ್ರಿ.ಶ. 700ಕ್ಕೆ ಸೇರಿಸಿರುವುದು ಮುಖ್ಯವಾಗಿ ಅಕ್ಷರಗಳ ರೂಪವನ್ನು ಆಧರಿಸಿ. ತ್ರಿಪದಿಯ ಪ್ರಾಚೀನತೆಯನ್ನು ಕುರಿತ ನಮ್ಮ ಮಾತಿಗೆ ಕೊನೆಗೂ ಆಧಾರವಾಗಿರುವುದು ಕೆಲವು ಅಕ್ಷರಗಳ ಬಾಗುಗಳೇ ಎಂದರೆ ಉತ್ಪ್ರೇಕ್ಷೆಯಾಗದು.

ಬಾಗು ಕಾಲವನ್ನು ಸೂಚಿಸುವ ಬಗೆಗೆ 'ರ' ಅಕ್ಷರವೇ ಒಳ್ಳೆಯ ಉದಾಹರಣೆ. ಬ್ರಾಹ್ಮಿಯ ಲಂಬರೇಖೆಯ ಪಾದವು ದಕ್ಷಿಣದ ಲಿಪಿಗಳಲ್ಲಿ ಎಡಕ್ಕೆ ಬಾಗಿ ಕೊಕ್ಕೆಯಾಯಿತು. ಆ ಕೊಕ್ಕೆ ಕ್ರಮೇಣ ಮೇಲೇರಿತು, ಮುಂದೆ ತಲೆಯನ್ನು ಕೂಡಿಕೊಂಡು ಮುಚ್ಚಿದ ಆಕಾರವಾಯಿತು, ಕೊನೆಗೆ ದುಂಡಾಯಿತು. 'ಕ' ಅಕ್ಷರದ ಪಾದದಲ್ಲಿಯೂ ಇಂತಹುದೇ ಚಲನೆಯಿದೆ. ಕೊಕ್ಕೆ ಎಷ್ಟು ಎತ್ತರಕ್ಕೆ ಏರಿದೆ, ಅದು ತೆರೆದಿದೆಯೋ ಮುಚ್ಚಿದೆಯೋ, ತಿರುವು ಕೋನವಾಗಿದೆಯೋ ದುಂಡಾಗಿದೆಯೋ ಎಂಬುದರ ಮೇಲೆ ಅಕ್ಷರದ ಹಂತ ನಿರ್ಧಾರವಾಗುತ್ತದೆ. ತಾಳೆಗರಿಯ ಮೇಲೆ ಕಂಟದಿಂದ ನೇರಗೆರೆಯನ್ನು ಎಳೆದರೆ ಗರಿ ಸೀಳುವುದೆಂದು ದಕ್ಷಿಣದ ಲಿಪಿಗಳು ದುಂಡಾದವು ಎಂಬ ವಿವರಣೆ ವಿದ್ವಾಂಸರಲ್ಲಿ ಪ್ರಚಲಿತವಾಗಿದೆ. ಆ ವಿವರಣೆಯನ್ನು ಒಪ್ಪುವುದಾದರೂ ಪ್ರಶ್ನಿಸುವುದಾದರೂ ಮೊದಲು ಬಾಗನ್ನು ಸರಿಯಾಗಿ ದಾಖಲಿಸಬೇಕಾಗುತ್ತದೆ.

ಕಲ್ಲಿನಿಂದ ಗಣಕದವರೆಗೆ

ಶಾಸನದ ಅಕ್ಷರವೊಂದು ಪಟ್ಟಿಕೆಯನ್ನು ಸೇರುವ ಮುನ್ನ ಹಲವು ಕೈಗಳನ್ನು ದಾಟಿ ಬಂದಿರುತ್ತದೆ. ಬರೆದವನ ಅಕ್ಷರವನ್ನು ಕಂಡರಿಸಿದವನ ಉಳಿ ಕಲ್ಲಿಗಿಳಿಸುತ್ತದೆ. ಬಾದಾಮಿ ಸೀಮೆಯ ಮರಳುಗಲ್ಲು ಕಣಕಣವಾದುದು. ಗಾಳಿಮಳೆಗಳಿಂದ ಅಲ್ಲಲ್ಲಿ ಚಕ್ಕೆಯೇಳುತ್ತದೆ. ಆ ಕಲ್ಲಿನ ಮೇಲೆ ಒದ್ದೆಯ ಕಾಗದವನ್ನು ಕುಂಚದಿಂದ ಬಡಿದು ಕೂರಿಸಿ, ಮಸಿಯನ್ನು ಒತ್ತಿ ಪಡಿಯಚ್ಚನ್ನು ತೆಗೆಯಲಾಗುತ್ತದೆ. ತಗ್ಗಾದ ಅಕ್ಷರ ಬಿಳಿಯಾಗಿಯೂ ಕಲ್ಲಿನ ಮೈ ಕಪ್ಪಾಗಿಯೂ ಮೂಡುತ್ತವೆ. ತೊಡಕೆಂದರೆ ಚಕ್ಕೆಯೆದ್ದ ತಗ್ಗು ಕೂಡ ಬಿಳಿಯಾಗಿಯೇ ಮೂಡುತ್ತದೆ. ಉಳಿಯ ತಗ್ಗಿಗೂ ಕಾಲದ ತಗ್ಗಿಗೂ ಪಡಿಯಚ್ಚಿನಲ್ಲಿ ಬಣ್ಣದ ಭೇದವಿಲ್ಲ. ಆ ಭೇದವನ್ನು ಮಾಡಬೇಕಾದುದು ಓದುವವನ ಕಣ್ಣು.

ಪಡಿಯಚ್ಚಿನ ಛಾಯಾಚಿತ್ರ ಗಣಕವನ್ನು ಸೇರಿದಾಗ ಅದು ಚುಕ್ಕಿಚಿತ್ರವಾಗುತ್ತದೆ. ಇದರ ಸ್ವರೂಪವನ್ನು ತಿಳಿಯಲು ನಮ್ಮ ಇಳಕಲ್ಲಿನ ನೇಯ್ಗೆಯನ್ನೂ ಸೀರೆಯ ಮೇಲಿನ ಕಸೂತಿಯನ್ನೂ ನೆನೆಯಬಹುದು. ಕಸೂತಿ ಹಾಕುವ ಹೆಣ್ಣುಮಗಳು ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿಯಾಡಿಸುತ್ತಾಳೆ. ಗೋಪುರ, ತೇರು, ಕಮಲ ಮುಂತಾದ ಯಾವ ಆಕಾರವೇ ಆಗಲಿ, ಹಾಸು-ಹೊಕ್ಕುಗಳ ಲೆಕ್ಕಕ್ಕೆ ಒಳಪಟ್ಟು ಮೆಟ್ಟಿಲು ಮೆಟ್ಟಿಲಾಗಿಯೇ ಮೂಡಬೇಕು. ದೂರದಿಂದ ದುಂಡಾಗಿ ಕಂಡ ಕಮಲವು ಹತ್ತಿರಕ್ಕೆ ಹೋದರೆ ಸಣ್ಣ ಸಣ್ಣ ನೇರಗೆರೆಗಳ ಸಮೂಹ. ಚುಕ್ಕಿಚಿತ್ರವೂ ಹಾಗೆಯೇ. ಅದರಲ್ಲಿ ಬಾಗು ಎಂಬುದೇ ಇಲ್ಲ. ಕಪ್ಪು-ಬಿಳುಪಿನ ಪಿಕ್ಸೆಲ್ಲುಗಳ ಸಾಲು ಮಾತ್ರ ಇದೆ. ಹಿಗ್ಗಿಸಿದಂತೆಲ್ಲ ಮೆಟ್ಟಿಲುಗಳು ಎದ್ದು ಕಾಣುತ್ತವೆ.

ಇದಕ್ಕೆ ಪ್ರತಿಯಾಗಿ ರೇಖಾಚಿತ್ರದ ತಂತ್ರಾಂಶಗಳು ಬಾಗನ್ನು ಚುಕ್ಕಿಗಳಾಗಿ ಅಲ್ಲದೆ ಗಣಿತದ ಸಂಬಂಧವಾಗಿ ನೆನಪಿಟ್ಟುಕೊಳ್ಳುತ್ತವೆ. 1987ರಲ್ಲಿ ಬಂದ ಅಡೋಬ್ ಇಲ್ಲಸ್ಟ್ರೇಟರ್, 1989ರಲ್ಲಿ ಬಂದ ಹಾಗೂ ನಮ್ಮ ಡಿಟಿಪಿ ಅಂಗಡಿಗಳಿಗೆ ಬಹಳ ಪರಿಚಿತವಾದ ಕೋರೆಲ್‌ಡ್ರಾ, 2003ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಇಂಕ್‌ಸ್ಕೇಪ್ ಇವೆಲ್ಲವೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ಎಷ್ಟು ಹಿಗ್ಗಿಸಿದರೂ ಇವುಗಳಲ್ಲಿ ಎಳೆದ ಬಾಗು ಬಾಗಾಗಿಯೇ ಉಳಿಯುತ್ತದೆ.

ವಕ್ರರೇಖೆಯ ತತ್ತ್ವ

ಈ ತಂತ್ರಾಂಶಗಳ ಬಾಗಿಗೆ ಬೆಝಿಯರ್ ವಕ್ರರೇಖೆ ಎಂದು ಹೆಸರು. ಇದು ಹುಟ್ಟಿದ್ದು ಅಕ್ಷರಕ್ಕಾಗಿ ಅಲ್ಲ, ಮೋಟಾರು ಕಾರಿನ ಮೈಗಾಗಿ. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯಲ್ಲಿದ್ದ ಪಾಲ್ ದ ಕಾಸ್ತೆಲ್ಜೊ 1959ರಲ್ಲಿ ಈ ವಿಧಾನವನ್ನು ರೂಪಿಸಿದರು. ಅದೇ ದೇಶದ ರೆನೊ ಸಂಸ್ಥೆಯ ಪಿಯರ್ ಬೆಝಿಯರ್ 1960ರ ದಶಕದಲ್ಲಿ ಸ್ವತಂತ್ರವಾಗಿ ಇದೇ ನೆಲೆಯನ್ನು ತಲುಪಿ ಅದನ್ನು ಪ್ರಕಟಪಡಿಸಿದರು. ಮೊದಲನೆಯವರ ಕೆಲಸ ಸಂಸ್ಥೆಯೊಳಗೆ ಗುಟ್ಟಾಗಿ ಉಳಿದ ಕಾರಣ ಹೆಸರು ಎರಡನೆಯವರದಾಯಿತು. 1984ರಲ್ಲಿ ಹೊರಬಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣಭಾಷೆಯು ಇದನ್ನು ಅಳವಡಿಸಿಕೊಂಡಿತು. ಆಮೇಲೆ ಗಣಕದ ಅಕ್ಷರವಿನ್ಯಾಸಗಳೆಲ್ಲ ಇಂತಹ ರೇಖೆಗಳಿಂದಲೇ ರಚಿತವಾಗತೊಡಗಿದವು. ಇಂದು ನಾವು ಓದುವ ಕನ್ನಡದ ಯೂನಿಕೋಡ್ ಅಕ್ಷರಗಳ ಹೊರಗೆರೆಯೂ ಇದರಿಂದಲೇ ಆದುದು.

ಇದರ ತತ್ತ್ವ ಸರಳವಾದುದು. ಬಾಗಿನ ಒಂದು ತುಂಡಿಗೆ ನಾಲ್ಕು ಬಿಂದುಗಳು ಬೇಕು. ಮೊದಲನೆಯದು ಮತ್ತು ಕೊನೆಯದು ರೇಖೆಯ ಮೇಲೆಯೇ ಇರುತ್ತವೆ, ಇವನ್ನು ನೆಲೆಬಿಂದುಗಳೆನ್ನೋಣ. ನಡುವಿನ ಎರಡು ಬಿಂದುಗಳು ಸಾಮಾನ್ಯವಾಗಿ ರೇಖೆಯ ಹೊರಗಿದ್ದು ಅದನ್ನು ತಮ್ಮತ್ತ ಸೆಳೆಯುತ್ತವೆ. ನೆಲೆಬಿಂದುವಿನಿಂದ ಸೆಳೆಯುವ ಬಿಂದುವಿಗೆ ಇರುವ ನೇರಗೆರೆಯನ್ನು ಹಿಡಿಕೆ ಎಂದು ಕರೆಯಬಹುದು. ಚುಕ್ಕಿಯನ್ನು ಮುಟ್ಟದೆ ಬಳಸಿ ಸಾಗುವ ರಂಗೋಲಿಯ ಎಳೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು. ಹಿಡಿಕೆಯ ದಿಕ್ಕು ರೇಖೆ ಯಾವ ಕಡೆಗೆ ಹೊರಡಬೇಕೆಂಬುದನ್ನು ನಿರ್ಧರಿಸಿದರೆ, ಹಿಡಿಕೆಯ ಉದ್ದ ಆ ದಿಕ್ಕಿನಲ್ಲಿ ಎಷ್ಟು ಹೊತ್ತು ಸಾಗಬೇಕೆಂಬುದನ್ನು ನಿರ್ಧರಿಸುತ್ತದೆ.

ರೇಖೆಯ ನಡುಬಿಂದುವನ್ನು ಕಾಗದದ ಮೇಲೆಯೇ ಕಂಡುಹಿಡಿಯಬಹುದು. ನಾಲ್ಕು ಬಿಂದುಗಳನ್ನು ಕ್ರಮವಾಗಿ ಸೇರಿಸುವ ಮೂರು ಗೆರೆಗಳ ಮಧ್ಯಗಳನ್ನು ಗುರುತಿಸಬೇಕು. ಆ ಮೂರನ್ನು ಸೇರಿಸುವ ಎರಡು ಗೆರೆಗಳ ಮಧ್ಯಗಳನ್ನು ಗುರುತಿಸಬೇಕು. ಆ ಎರಡನ್ನು ಸೇರಿಸುವ ಒಂದು ಗೆರೆಯ ಮಧ್ಯವೇ ರೇಖೆಯ ಮೇಲಿನ ಬಿಂದು. ಇದು ದ ಕಾಸ್ತೆಲ್ಜೊ ಅವರ ಕ್ರಮ.

'ಥ' ಅಕ್ಷರದ ಪ್ರಾಚೀನ ರೂಪವಾದ ವೃತ್ತವನ್ನು ತೆಗೆದುಕೊಂಡು ಇದನ್ನು ಪರೀಕ್ಷಿಸೋಣ. ವೃತ್ತದ ಕಾಲುಭಾಗವನ್ನು ಒಂದು ತುಂಡಿನಿಂದ ಎಳೆಯಬೇಕಾಗಿದೆ, ತ್ರಿಜ್ಯ 100 ಮಾನ ಎಂದುಕೊಳ್ಳೋಣ. ಎರಡೂ ಹಿಡಿಕೆಗಳ ಉದ್ದವನ್ನು 50 ಮಾನವಾಗಿಟ್ಟರೆ ರೇಖೆಯ ನಡುಬಿಂದು ಕೇಂದ್ರದಿಂದ ಸುಮಾರು 97.2 ಮಾನ ದೂರದಲ್ಲಿ ಬೀಳುತ್ತದೆ, ಬಾಗು ಚಪ್ಪಟೆಯಾಗುತ್ತದೆ. 60 ಮಾನವಾಗಿಟ್ಟರೆ ಸುಮಾರು 102.5 ಮಾನ ದೂರಕ್ಕೆ ಉಬ್ಬುತ್ತದೆ. ವೃತ್ತವು ಚೌಕದ ಕಡೆಗೆ ವಾಲುತ್ತದೆ. 55.23 ಮಾನವಾಗಿಟ್ಟರೆ ನಡುಬಿಂದು ಸರಿಯಾಗಿ 100 ಮಾನ ದೂರದಲ್ಲಿ ನಿಲ್ಲುತ್ತದೆ. ಆಗಲೂ ಇದು ಶುದ್ಧ ವೃತ್ತವಲ್ಲ. ಆದರೆ ಎಲ್ಲಿಯೂ ತ್ರಿಜ್ಯದ ಹತ್ತು ಸಾವಿರದಲ್ಲಿ ಮೂರು ಭಾಗದಷ್ಟೂ ತಪ್ಪುವುದಿಲ್ಲವಾದ್ದರಿಂದ ಕಣ್ಣಿಗೆ ವೃತ್ತವೇ. ಹಿಡಿಕೆಯ ಉದ್ದ 50ರಿಂದ 60ಕ್ಕೆ ಹೋದರೆ ದುಂಡು ಚೌಕದತ್ತ ಸರಿಯುತ್ತದೆ ಎಂಬುದನ್ನು ಲಿಪಿಶಾಸ್ತ್ರದ ವಿದ್ಯಾರ್ಥಿ ಮನಸ್ಸಿನಲ್ಲಿಡಬೇಕು. ಏಕೆಂದರೆ ದುಂಡು-ಚೌಕಗಳ ಭೇದವನ್ನೇ ನಾವು ಕಾಲನಿರ್ಣಯಕ್ಕೆ ಬಳಸುತ್ತೇವೆ. ಇಲಿಯ ಒಂದು ಅಜಾಗರೂಕ ಎಳೆತದಿಂದ ಅಕ್ಷರವು ತನ್ನ ಕಾಲವನ್ನು ಬದಲಿಸಿದಂತೆ ಕಾಣಬಹುದು.

ನಯವಾದ ಬಾಗನ್ನು ಎಳೆಯುವ ಕ್ರಮ

ಅಭ್ಯಾಸದಿಂದ ಸಿದ್ಧಿಸಿದ ಕೆಲವು ಸೂತ್ರಗಳನ್ನು ಇಲ್ಲಿ ಕ್ರಮವಾಗಿ ಹೇಳಬಹುದು.

ಒಂದು: ನೆಲೆಬಿಂದುಗಳು ಕಡಿಮೆಯಾದಷ್ಟೂ ಬಾಗು ನಯವಾಗುತ್ತದೆ. ಮೊದಲ ಬಾರಿಗೆ ಎಳೆಯುವವರು ಪಡಿಯಚ್ಚಿನ ಅಂಚನ್ನು ಹಿಂಬಾಲಿಸುತ್ತ ಹೆಜ್ಜೆಗೊಂದು ಬಿಂದುವನ್ನು ಇಡುತ್ತಾರೆ. ಪ್ರತಿಯೊಂದು ಬಿಂದುವಿನಲ್ಲಿಯೂ ಕೈಯ ತಪ್ಪು ಸೇರಿಕೊಂಡು ರೇಖೆ ನಡುಗುತ್ತದೆ. ಪೂರ್ಣ ವೃತ್ತಕ್ಕೆ ನಾಲ್ಕು ಬಿಂದುಗಳು ಸಾಕು.

ಎರಡು: ನೆಲೆಬಿಂದುಗಳನ್ನು ಬಾಗಿನ ತುತ್ತತುದಿಗಳಲ್ಲಿ ಇಡಬೇಕು. ರೇಖೆ ಅತ್ಯಂತ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಲುಪುವ ಜಾಗಗಳೇ ಅವು. ಅಲ್ಲಿ ಹಿಡಿಕೆಗಳು ಅಡ್ಡವಾಗಿಯೋ ಲಂಬವಾಗಿಯೋ ನಿಲ್ಲುತ್ತವೆ. ಆದ್ದರಿಂದ ಬೇರೆ ಬೇರೆ ಶಾಸನಗಳ ಅಕ್ಷರಗಳ ಅಗಲ-ಎತ್ತರಗಳನ್ನು ಹೋಲಿಸುವುದು ಸುಲಭವಾಗುತ್ತದೆ. ಓರೆಯಾಗಿ ಬರೆದ ಅಕ್ಷರಕ್ಕೆ ಈ ಸೂತ್ರವನ್ನು ಅದರ ವಾಲಿಗೆ ತಕ್ಕಂತೆ ಸಡಿಲಿಸಬೇಕು.

ಮೂರು: ಎರಡು ತುಂಡುಗಳು ಕೂಡುವಲ್ಲಿ ಎರಡೂ ಹಿಡಿಕೆಗಳು ಒಂದೇ ಸರಳರೇಖೆಯಲ್ಲಿರಬೇಕು. ಇಲ್ಲವಾದರೆ ಅಲ್ಲಿ ಮೂಲೆಯೊಂದು ಮೂಡುತ್ತದೆ. ಹಿಡಿಕೆಗಳು ಒಂದೇ ರೇಖೆಯಲ್ಲಿದ್ದರೂ ಒಂದು ತೀರ ಗಿಡ್ಡ, ಇನ್ನೊಂದು ತೀರ ಉದ್ದವಾಗಿದ್ದರೆ ಬಾಗಿನ ಬಿಗಿ ಒಮ್ಮೆಲೇ ಬದಲಾಗಿ ಗೂನು ಬಂದಂತೆ ಕಾಣುತ್ತದೆ. ದಿಕ್ಕಿನ ಜೊತೆಗೆ ಬಿಗಿಯೂ ಮುಂದುವರಿದಾಗಲೇ ಬಾಗು ಕಣ್ಣಿಗೆ ನಯವೆನಿಸುತ್ತದೆ.

ನಾಲ್ಕು: ಹಿಡಿಕೆಯ ಉದ್ದ ಸಾಮಾನ್ಯವಾಗಿ ಆ ತುಂಡಿನ ಉದ್ದದ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಎದುರುಬದುರಾದ ಎರಡು ಹಿಡಿಕೆಗಳು ಒಂದನ್ನೊಂದು ಕತ್ತರಿಸುವಷ್ಟು ಉದ್ದವಾದರೆ ರೇಖೆ ಚೂಪಾಗುತ್ತದೆ, ಕೆಲವೊಮ್ಮೆ ಗಂಟಾಗುತ್ತದೆ.

ಈ ಸೂತ್ರಗಳನ್ನು ಕೊಕ್ಕೆಯುಳ್ಳ 'ರ' ಅಕ್ಷರಕ್ಕೆ ಅನ್ವಯಿಸಬಹುದು. ಅಕ್ಷರದ ನಡುಗೆರೆಯನ್ನು ಎಳೆಯಲು ತಲೆಯಲ್ಲಿ ಒಂದು, ಲಂಬರೇಖೆಯು ಬಾಗತೊಡಗುವಲ್ಲಿ ಒಂದು, ಪಾದದ ತಳದಲ್ಲಿ ಒಂದು, ಬಾಗು ಎಡಕ್ಕೆ ಹೆಚ್ಚು ಸರಿದಲ್ಲಿ ಒಂದು, ಕೊಕ್ಕೆಯ ತುದಿಯಲ್ಲಿ ಒಂದು, ಹೀಗೆ ಐದು ಬಿಂದುಗಳು ಸಾಕು. ಮೊದಲೆರಡರ ನಡುವೆ ಹಿಡಿಕೆಗಳೇ ಬೇಡ, ಅದು ನೇರಗೆರೆ. ಕಲ್ಲಿನಲ್ಲಿ ಉಳಿ ನಿಂತು ತಿರುಗಿದ ಗುರುತಿದ್ದರೆ ಪಾದದ ಬಿಂದುವನ್ನು ನಯಬಿಂದುವಾಗಿಸದೆ ಮೂಲೆಯಾಗಿಯೇ ಬಿಡಬೇಕು.

ಸ್ವಯಂಚಾಲಿತ ರೇಖನದ ತೊಡಕು

ಇಷ್ಟೆಲ್ಲ ಶ್ರಮವೇಕೆ, ತಂತ್ರಾಂಶವೇ ಚುಕ್ಕಿಚಿತ್ರವನ್ನು ರೇಖಾಚಿತ್ರವನ್ನಾಗಿ ಮಾಡಿಕೊಡುತ್ತದೆಯಲ್ಲ ಎಂದು ಕೇಳಬಹುದು. ಆ ಸೌಲಭ್ಯ ಈ ತಂತ್ರಾಂಶಗಳಲ್ಲಿ ಇದೆ. ಅದನ್ನು ನಂಬಿ ನಾನು ಮಾಡಿದ ತಪ್ಪನ್ನು ಇಲ್ಲಿ ದಾಖಲಿಸುವುದು ಉಚಿತವೆನಿಸುತ್ತದೆ.

ನನ್ನ ಸಂಶೋಧನೆಯ ಆರಂಭದಲ್ಲಿ ಐಹೊಳೆ ಪರಿಸರದ ಒಂದು ಶಾಸನದ ಪಡಿಯಚ್ಚಿನ ಛಾಯಾಚಿತ್ರವನ್ನು ಹೀಗೆ ಪರಿವರ್ತಿಸಿ ಪಟ್ಟಿಕೆಯೊಂದನ್ನು ಸಿದ್ಧಪಡಿಸಿದ್ದೆ. ನೋಡಲು ಅದು ಅಚ್ಚುಕಟ್ಟಾಗಿತ್ತು. ಅದರಲ್ಲಿ 'ರ' ಅಕ್ಷರದ ಕೊಕ್ಕೆಯ ತುದಿಯಲ್ಲಿ ಒಂದು ಸಣ್ಣ ಗಂಟು ಕಾಣಿಸಿತು. ಅದನ್ನು ಆ ಶಾಸನದ ಲಿಪಿಕಾರನ ವೈಶಿಷ್ಟ್ಯವೆಂದು ಭಾವಿಸಿ ಒಂದು ಪುಟದಷ್ಟು ವಿವೇಚನೆಯನ್ನೂ ಬರೆದೆ. ಮಾರ್ಗದರ್ಶಕರು ಓದಿ, "ಕಲ್ಲನ್ನು ನೋಡಿದ್ದೀರಾ?" ಎಂದಷ್ಟೇ ಕೇಳಿದರು. ಬೆಳಗಿನ ಓರೆಬಿಸಿಲಿನಲ್ಲಿ ಕಲ್ಲಿನ ಮುಂದೆ ನಿಂತಾಗ ಗಂಟು ಏನೆಂಬುದು ತಿಳಿಯಿತು. ಅದು ಚಕ್ಕೆಯೆದ್ದ ಜಾಗ. ಉಳಿಯ ತಗ್ಗು ಆಳವಾಗಿ, ಅಂಚುಗಟ್ಟಿ ಕಾಣುತ್ತಿತ್ತು; ಚಕ್ಕೆಯ ತಗ್ಗು ತೆಳುವಾಗಿ ಹರಡಿಕೊಂಡಿತ್ತು. ಗಣಕವನ್ನು ತೆರೆದು ನೋಡಿದರೆ ಐದು ಬಿಂದುಗಳಲ್ಲಿ ಮುಗಿಯಬೇಕಾದ ಅಕ್ಷರದ ಸುತ್ತ ಲೆಕ್ಕವಿಲ್ಲದಷ್ಟು ಬಿಂದುಗಳು ಕಿಕ್ಕಿರಿದಿದ್ದವು. ಕಪ್ಪು ಎಲ್ಲಿ ಮುಗಿದು ಬಿಳಿ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತಂತ್ರಾಂಶ ನಿಷ್ಠೆಯಿಂದಲೇ ದಾಖಲಿಸಿತ್ತು. ಆದರೆ ಅಕ್ಷರ ಎಲ್ಲಿ ಮುಗಿದು ಕಲ್ಲು ಎಲ್ಲಿ ಆರಂಭವಾಗುತ್ತದೆ ಎಂಬುದು ಅದಕ್ಕೆ ತಿಳಿಯುವ ವಿಷಯವಲ್ಲ. ಆ ಒಂದು ಪುಟವನ್ನು ಪ್ರಬಂಧದಿಂದ ತೆಗೆದುಹಾಕಿದೆ.

ನಯ ಮತ್ತು ನಿಷ್ಠೆ

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಬಿಂದುಗಳನ್ನು ಕಡಿಮೆ ಮಾಡಿ ಬಾಗನ್ನು ತೀರ ನಯಗೊಳಿಸಿದರೆ ಏಳನೆಯ ಶತಮಾನದ ಅಕ್ಷರವು ಇಂದಿನ ಮುದ್ರಣದ ಅಕ್ಷರದಂತೆ ಕಾಣತೊಡಗುತ್ತದೆ. 'ಥ' ಅಕ್ಷರಕ್ಕೆ ತಂತ್ರಾಂಶದ ವೃತ್ತೋಪಕರಣವನ್ನೇ ಬಳಸಿದರೆ ದೊರೆಯುವುದು ಜ್ಯಾಮಿತಿಯ ವೃತ್ತ. ಕಂಡರಿಸಿದವನ ಕೈ ಎಳೆದ ದುಂಡು ಅದಲ್ಲ. ಒಂದೇ ಶಾಸನದಲ್ಲಿ ಒಂದೇ ಅಕ್ಷರ ಹತ್ತು ಬಾರಿ ಬಂದರೆ ಹತ್ತೂ ಅಷ್ಟಿಷ್ಟು ಭಿನ್ನವಾಗಿರುತ್ತವೆ. ಒಂದನ್ನು ಎಳೆದು ಉಳಿದ ಒಂಬತ್ತು ಕಡೆ ನಕಲು ಮಾಡಿದರೆ ಆ ಭಿನ್ನತೆಯೇ ಅಳಿಸಿಹೋಗುತ್ತದೆ. ಪಾಠಸಂಪಾದಕನು ಪಾಠಾಂತರಗಳನ್ನು ಕೈಬಿಟ್ಟು ತನಗೆ ಒಪ್ಪಿದ ಪಾಠವನ್ನಷ್ಟೇ ಅಚ್ಚಿಸಿದಂತೆ ಆಗುತ್ತದೆ.

ಆದ್ದರಿಂದ ಪಾಠಸಂಪಾದನೆಯ ಶಿಸ್ತನ್ನೇ ಇಲ್ಲಿಗೂ ತರುವುದು ಸೂಕ್ತ. ಕಲ್ಲಿನಲ್ಲಿ ಸ್ಪಷ್ಟವಾಗಿರುವ ಭಾಗವನ್ನು ತುಂಬುಗೆರೆಯಿಂದಲೂ, ಊಹಿಸಿದ ಭಾಗವನ್ನು ತುಂಡುಗೆರೆಯಿಂದಲೂ ತೋರಿಸಬೇಕು. ಶಾಸನಪಾಠದಲ್ಲಿ ತ್ರುಟಿತ ಅಕ್ಷರಗಳನ್ನು ಕಂಸದಲ್ಲಿ ಕೊಡುವ ಪದ್ಧತಿಗೆ ಇದು ಸಮಾನವಾದುದು. ಪಡಿಯಚ್ಚಿನ ಚಿತ್ರವನ್ನು ಒಂದು ಪದರದಲ್ಲಿ, ನಡುಗೆರೆಯನ್ನು ಇನ್ನೊಂದರಲ್ಲಿ, ಹೊರಗೆರೆಯನ್ನು ಮತ್ತೊಂದರಲ್ಲಿ ಇಟ್ಟರೆ ಮುಂದಿನ ಸಂಶೋಧಕರು ರೇಖೆಯನ್ನು ಆಕರದೊಡನೆ ಹೋಲಿಸಿ ನೋಡಬಹುದು. ಪ್ರತಿಯೊಂದು ಅಕ್ಷರದ ಕೆಳಗೆ ಶಾಸನದ ಸಾಲಿನ ಸಂಖ್ಯೆಯನ್ನೂ ಅಳತೆಯ ಪ್ರಮಾಣವನ್ನೂ ನಮೂದಿಸಬೇಕು. ಎಳೆದದ್ದು ಕಲ್ಲನ್ನು ನೋಡಿಯೋ, ಪಡಿಯಚ್ಚನ್ನು ನೋಡಿಯೋ, ಅಚ್ಚಾದ ಫಲಕವನ್ನು ನೋಡಿಯೋ ಎಂಬುದನ್ನು ಪಟ್ಟಿಕೆಯ ತಲೆಯಲ್ಲಿ ತಿಳಿಸಬೇಕು. ಪ್ರಬಂಧದೊಡನೆ ಮುದ್ರಿತ ಪುಟವನ್ನಷ್ಟೇ ಅಲ್ಲದೆ ಮೂಲ ಕಡತವನ್ನೂ ವಿಭಾಗಕ್ಕೆ ಒಪ್ಪಿಸುವ ಪದ್ಧತಿ ಬೆಳೆಯಬೇಕಾಗಿದೆ.

ಪಟ್ಟಿಕೆಯನ್ನು ಡಿಟಿಪಿಯವರಿಂದ ಮಾಡಿಸುವುದು ತಪ್ಪೇನಲ್ಲ. ಲಗ್ನಪತ್ರಿಕೆಯ ಬಳ್ಳಿಯನ್ನು ಚೆಲುವಾಗಿ ಎಳೆಯಬಲ್ಲ ಅವರ ಕೈಯ ನುರಿತ ನಮಗಿಲ್ಲ. ಆದರೆ ಚೆಲುವಿಗಾಗಿ ಅವರು ತಿದ್ದಿದ ಬಾಗು ಯಾವುದು, ಕಲ್ಲಿನಲ್ಲಿರುವ ಬಾಗು ಯಾವುದು ಎಂಬುದನ್ನು ಪಕ್ಕದಲ್ಲಿ ಕುಳಿತು ಹೇಳಬೇಕಾದವರು ನಾವೇ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಕಾಲೋಲ್ಲೇಖವಿಲ್ಲದ ಶಾಸನಗಳ ಕಾಲನಿರ್ಣಯಕ್ಕೆ ಅಕ್ಷರದ ಬಾಗು ಪ್ರಮುಖ ಆಧಾರವಾಗಿರುವುದರಿಂದ ಅದನ್ನು ಎಳೆಯುವ ಕ್ರಮವೂ ಶಾಸ್ತ್ರದ ಭಾಗವೇ. ಬೆಝಿಯರ್ ರೇಖೆಯಲ್ಲಿ ಕೆಲವೇ ಬಿಂದುಗಳನ್ನು ಆರಿಸಿ ಎಳೆಯುವವನು ಎಲ್ಲಿ ಬಾಗಿದೆ, ಎಲ್ಲಿ ಮೂಲೆಯಾಗಿದೆ ಎಂದು ತೀರ್ಮಾನಿಸಲೇಬೇಕಾಗುವುದರಿಂದ ಅದು ಓದುವ ಕ್ರಿಯೆಯೇ ಆಗಿದೆ. ಸ್ವಯಂಚಾಲಿತ ರೇಖನವು ಈ ತೀರ್ಮಾನವನ್ನು ಕೈಗೊಳ್ಳದು. ಅತಿಯಾದ ನಯಗಾರಿಕೆಯು ತೀರ್ಮಾನವನ್ನು ಮರೆಮಾಚುತ್ತದೆ.

ತಟ್ಟುಕೋಟಿಯ ಬಂಡೆಯ ಮರಳುಕಣಗಳು ಬಿಸಿಲು-ಮಳೆಗಳಿಗೆ ಒಡ್ಡಿಕೊಂಡೇ ಇವೆ. ಮುಂದೊಂದು ದಿನ ಪಟ್ಟಿಕೆಯಲ್ಲಿರುವ ರೇಖೆಯನ್ನೇ ನಂಬಿ ತ್ರಿಪದಿಯ ಕಾಲವನ್ನು ಚರ್ಚಿಸಬೇಕಾದವರಿಗೆ ನಾವು ಕೊಡುವ ಬಾಗು ಕಲ್ಲಿನದಾಗಿರಬೇಕು.